ಊರೊಟ್ಟಿನ ನೆಲಕ್ಕೊಂದು ಕಾಯ್ದೆ ಬರೆದೆವು

ನಮ್ಮ ಶಾಖೆಗೆ ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳಲ್ಲೇ ಬೇಜಾರು ಹತ್ತಿಬಿಡುತ್ತದೆ ಎಂಬುದು ನನಗೆ ಗೊತ್ತು. ವಿಧಾನಸಭೆಗೆ ಹೋಗುವ ಮಸೂದೆಗಳ ಕನ್ನಡ ಪಾಠ ಸಿದ್ಧಪಡಿಸುವುದು, ಇಂಗ್ಲಿಷ್ ಪಾಠದ ಜೊತೆ ಸಾಲು ಸಾಲಾಗಿ ತಾಳೆ ನೋಡುವುದು, 'ಮತ್ತು' ಇರಬೇಕಾದ ಕಡೆ 'ಅಥವಾ' ನುಸುಳದಂತೆ ಕಾಯುವುದು, ಇಷ್ಟೇ ಕೆಲಸ. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಒಣ ಕೆಲಸ ಇನ್ನೊಂದಿಲ್ಲ. ಆದರೆ ನಿವೃತ್ತಳಾಗಿ ಮೈಸೂರಿನ ಮನೆ ಸೇರಿದ ಮೇಲೂ ಒಂದು ಕಾಯ್ದೆ ನೆನಪಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಒಂದು ಸುತ್ತು ಓಡಾಡಿ ಬರಬೇಕಾಗುತ್ತದೆ. ಬೇಜಾರು ಹತ್ತಿದವರಿಗಾಗಿಯೇ ಅದನ್ನು ಬರೆದಿಡುತ್ತಿದ್ದೇನೆ.

ನಾನು ಸೇರಿದ ಕಾಲಕ್ಕೆ ಮಸೂದೆಯನ್ನು ಟೈಪ್‌ರೈಟರಿನಲ್ಲಿ ಸ್ಟೆನ್ಸಿಲ್ ಕಾಗದದ ಮೇಲೆ ಹೊಡೆದು, ಶಾಯಿ ಹಚ್ಚಿ, ಕೈಯಿಂದ ಉರುಳೆ ತಿರುಗಿಸಿ ಪ್ರತಿ ತೆಗೆಯುತ್ತಿದ್ದರು. ಒಂದಕ್ಷರ ತಪ್ಪಿದರೆ ಕೆಂಪು ದ್ರವ ಬಳಿದು, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಹೊಡೆಯಬೇಕು. ಒಮ್ಮೆ 'ಕೆರೆ'ಯ ಒಂದು ಎತ್ವ ಎಲ್ಲೋ ಜಾರಿಹೋಗಿ, 'ಸರ್ಕಾರಿ ಕರೆಗಳನ್ನು ಒತ್ತುವರಿ ಮಾಡಿದವರಿಗೆ ದಂಡ' ಎಂದು ಅಚ್ಚಾದ ಪ್ರತಿ ಸದನದ ಮೇಜುಗಳಿಗೆ ಹಂಚಿಕೆಯಾಗಿತ್ತು. ಒಬ್ಬ ಸದಸ್ಯರು ಎದ್ದು ನಿಂತು, "ಮಾನ್ಯ ಸಚಿವರು ಹೇಳ್ತಿರೋದು ಟೆಲಿಫೋನ್ ಕರೆಯೋ, ಮದುವೆ ಕರೆಯೋ?" ಎಂದು ಕೇಳಿದರು. ಇಡೀ ಸದನ ನಕ್ಕಿತು. ನಾವು ನಾಲ್ಕಾರು ಜನ ಅಧಿಕಾರಿಗಳ ಗ್ಯಾಲರಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆವು. ಈಗ ಎಲ್ಲ ಕಂಪ್ಯೂಟರಿನಲ್ಲಿ. ತಪ್ಪು ತಿದ್ದುವುದು ಸುಲಭ. ಆದರೆ ತಪ್ಪು ಕಣ್ಣಿಗೆ ಬೀಳುವುದು ಮೊದಲಿನಷ್ಟೇ ಕಷ್ಟ. ಅಕ್ಷರ ಸರಿಯಾಗಿದ್ದೂ ಪದ ತಪ್ಪಾಗಿರುವುದುಂಟು. ಈ ಕಥೆ ಅಂಥ ಒಂದು ಪದದ್ದು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಸರ್ಕಾರ ಒಂದು ಮಸೂದೆ ತರಲು ಹೊರಟಿತು. ಊರೊಟ್ಟಿನ ಆಸ್ತಿಯನ್ನೆಲ್ಲ, ಅಂದರೆ ಗೋಮಾಳ, ಗುಂಡುತೋಪು, ಕೆರೆಯಂಗಳ, ಸಂತೆಮಾಳ, ಹಳೆಯ ಛತ್ರಗಳು, ಯಾವ ಇಲಾಖೆಗೂ ಬೇಡವಾಗಿ ಬಿದ್ದ ಕಟ್ಟಡಗಳು, ಇವನ್ನೆಲ್ಲ ಒಂದೇ ಪ್ರಾಧಿಕಾರದ ಕೈಗೆ ಕೊಟ್ಟು ಕಾಪಾಡಬೇಕೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಕೆರೆಯೇ ಕಾಣೆಯಾದ ಊರುಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದರಲ್ಲಿ ಎರಡು ಖಂಡಗಳು, ಅಂದರೆ ಕಲಮುಗಳು, ತೊಡಕಿನವಾಗಿದ್ದವು. ಒಂದರ ಪ್ರಕಾರ 'ಅನುಪಯುಕ್ತ' ಎಂದು ಕಂಡುಬಂದ ಜಾಗವನ್ನು ಪ್ರಾಧಿಕಾರ ಯಾರಿಗೆ ಬೇಕಾದರೂ ಗುತ್ತಿಗೆ ಕೊಡಬಹುದಿತ್ತು. ಇನ್ನೊಂದರ ಪ್ರಕಾರ ದಾಖಲೆ ಇಲ್ಲದೆ ಅಂಥ ಜಾಗದಲ್ಲಿ ಇರುವವರನ್ನು ತಿಂಗಳೊಳಗೆ ತೆರವು ಮಾಡಬಹುದಿತ್ತು. ಮಸೂದೆ ಸದನಕ್ಕೆ ಬಂದ ದಿನವೇ ಗದ್ದಲವಾಗಿ, ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿದರು. ಸಮಿತಿ ಊರೂರಿಗೆ ಹೋಗಿ ಜನರ ಮಾತು ಕೇಳಬೇಕೆಂದು ತೀರ್ಮಾನವಾಯಿತು. ನಮ್ಮ ಪಾಲಿಗೆ ಬಂದದ್ದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ.

ಸಮಿತಿಯ ಅಧ್ಯಕ್ಷರು ಬೇರೆ ಜಿಲ್ಲೆಯ ಹಿರಿಯ ಶಾಸಕರು, ಮಾತು ಕಡಿಮೆ. ನನ್ನ ಮೇಲಧಿಕಾರಿ ವರದರಾಜ್ ಸಾಹೇಬರು. ಇಂಗ್ಲಿಷ್ ಕರಡು ಅವರದು, ಕನ್ನಡ ನನ್ನದು. ಸಾಹೇಬರಿಗೆ ಮಸೂದೆ ಎಂದರೆ ಮನೆ ಕಟ್ಟಿದ ಹಾಗೆ. ಒಂದು ಪದ ಅಲುಗಾಡಿದರೂ ಗೋಡೆಯೇ ಬಿತ್ತು ಎನ್ನುವಂತೆ ಎದ್ದು ನಿಲ್ಲುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಗೌರವವೂ ಇತ್ತು.

ಹುಣಸೂರಿನ ಸಭೆ ತಾಲ್ಲೂಕು ಪಂಚಾಯ್ತಿಯ ಸಭಾಂಗಣದಲ್ಲಿ. ಜನ ಕಿಟಕಿಯ ತನಕ ನಿಂತಿದ್ದರು. ಸಾಹೇಬರು ಮಸೂದೆಯ ಮುಖ್ಯ ಖಂಡಗಳನ್ನು ನನ್ನ ಕನ್ನಡದಲ್ಲಿ ಗಂಭೀರವಾಗಿ ಓದಿದರು. 'ಅನಧಿಕೃತ ಅಧಿಭೋಗದಲ್ಲಿರುವ ವ್ಯಕ್ತಿಯು', 'ತತ್ಸಂಬಂಧದಲ್ಲಿ ನಿಯಮಿಸಬಹುದಾದಂಥ', ಹೀಗೆ ಕಾಲು ಗಂಟೆ ಓದಿದ ಮೇಲೆ ಗಾವಡಗೆರೆ ಕಡೆಯ ರೈತರೊಬ್ಬರು ಎದ್ದು ಕೈ ಮುಗಿದರು.

"ಸ್ವಾಮಿ, ತಪ್ಪು ತಿಳ್ಕೋಬ್ಯಾಡಿ. ನೀವು ಓದಿದ್ದು ನಮ್ ಜಮೀನ್ ಇಚಾರನೇ ತಾನೆ?"

"ಹೌದು."

"ಅಂಗಾರೆ ಇನ್ನೊಂದ್ ಸತಿ ನಮ್ ಬಾಸೇಲಿ ಏಳಿ. ನಂಗೊಂದ್ ಮಾತೂ ಅತ್ತಲಿಲ್ಲ."

ಸಭೆ ಗೊಳ್ಳೆಂದಿತು. ಸಾಹೇಬರ ಕಿವಿ ಕೆಂಪಾಯಿತು. ಆ ಕನ್ನಡ ನನ್ನದಾದ್ದರಿಂದ ನನ್ನ ಕಿವಿಯೂ ಕೆಂಪಾಗಿರಬೇಕು. ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಈ ಕಡೆಯವರೇ ಅಂತೆ. ಅವರಿಗೆ ಹೇಳಿಬಿಡಿ" ಎಂದರು. ನಾನು ಎದ್ದು ನಿಂತೆ. ಕೈಯಲ್ಲಿ ಮಸೂದೆ ಇತ್ತು, ಆದರೆ ಅದನ್ನು ನೋಡಲಿಲ್ಲ. "ನಿಮ್ಮೂರಿನ ಗೋಮಾಳನ ಯಾರೂ ಬಳಸ್ತಿಲ್ಲ ಅಂತ ಅಧಿಕಾರಿ ಬರೆದ್ರೆ, ಅದನ್ನ ಹೊರಗಿನೋರಿಗೆ ಗುತ್ತಿಗೆ ಕೊಡಬಹುದು. ಅಲ್ಲಿ ಯಾರಾದ್ರೂ ಮನೆ ಕಟ್ಕೊಂಡಿದ್ರೆ ಎಬ್ಬಿಸಬಹುದು. ಇದು ಈ ಮಸೂದೆಯಲ್ಲಿ ಬರೆದಿರೋದು" ಎಂದೆ.

ನೂರು ಬಾಯಿ ಒಮ್ಮೆಗೇ ಮಾತಾಡತೊಡಗಿದವು. ಕೆಲವರಿಗೆ ಸಿಟ್ಟು, ಕೆಲವರಿಗೆ ಸಂತೋಷ, ಏಕೆಂದರೆ ಒತ್ತುವರಿದಾರರಿಂದ ಬೇಸತ್ತವರೂ ಅಲ್ಲಿದ್ದರು. ಆ ದಿನ ಸಭೆ ಸಂಜೆ ತನಕ ನಡೆಯಿತು. ನನ್ನ ಬರಹದ ಅರ್ಥ ಜನರ ಮುಖದ ಮೇಲೆ ಕಾಣಿಸಿಕೊಂಡದ್ದನ್ನು ನಾನು ಅಷ್ಟು ವರ್ಷಗಳ ಸೇವೆಯಲ್ಲಿ ಮೊದಲ ಬಾರಿ ನೋಡಿದ್ದೆ. ಮಾರನೆಯ ದಿನದಿಂದ ಪ್ರತಿ ಸಭೆಯಲ್ಲೂ ಮೊದಲು ಆಡುಮಾತಿನಲ್ಲಿ ಹೇಳುವುದು, ಆಮೇಲೆ ಖಂಡ ಓದುವುದು ಎಂದು ಕ್ರಮ ಬದಲಾಯಿತು. ಬದಲಿಸಿದವರು ಸಾಹೇಬರೇ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಕೂತು, "ಲಕ್ಷ್ಮಮ್ಮನವರೇ, ಅಧಿಭೋಗ ಅನ್ನೋದಕ್ಕೆ ಜನ ಏನಂತಾರೆ?" ಎಂದು ಕೇಳಿ ಕೇಳಿ ತಮ್ಮ ಪ್ರತಿಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು.

ಪಿರಿಯಾಪಟ್ಟಣದಲ್ಲಿ ಒಂದು ಹೊಸ ಖಂಡವೇ ಹುಟ್ಟಿತು. ಹತ್ತಿರದ ಊರೊಂದರ ಹಳೆಯ ಛತ್ರದ ಸೂರು ಅರ್ಧ ಬಿದ್ದಿತ್ತು. ಅದನ್ನು ಕೆಡವಿ ಮಳಿಗೆ ಕಟ್ಟಿಸಿ ಬಾಡಿಗೆ ಬರುವಂತೆ ಮಾಡಬೇಕೆಂದು ಒಬ್ಬ ವ್ಯಾಪಾರಿ ಮನವಿ ಕೊಟ್ಟರು. ಅವರು ಕೂರುವಷ್ಟರಲ್ಲಿ ಸ್ತ್ರೀಶಕ್ತಿ ಸಂಘದ ಗೌರಮ್ಮ ಎಂಬವರು ಎದ್ದರು. "ಆ ಛತ್ರದಾಗೆ ಹಂಚು ಓಗಿರಾದು ಒಂದ್ ಕಡೆ ಮಾತ್ರ. ಇನ್ನೊಂದ್ ಕಡೆ ನಾವು ಇಪ್ಪತ್ ಎಂಗಸ್ರು ಕುಂತು ರಾಗಿ ಉರಿಟ್ಟು ಮಾಡ್ತೀವಿ. ನಮ್ಗೆ ಕೊಡಿ, ಸೂರು ನಾವೇ ರಿಪೇರಿ ಮಾಡುಸ್ಕತೀವಿ" ಎಂದರು. ಅಧ್ಯಕ್ಷರು ಸಾಹೇಬರನ್ನು ನೋಡಿದರು. ಸಾಹೇಬರು ಮಸೂದೆಯ ಹಾಳೆ ತಿರುವಿದರು. ಗುತ್ತಿಗೆಗೆ ಕೊಡಲು ದಾರಿಯಿತ್ತು, ಕೆಡವಲು ದಾರಿಯಿತ್ತು, ಊರಿನವರೇ ಬಳಸಿಕೊಳ್ಳಲು ಕೊಡುವುದಕ್ಕೆ ಮಾತ್ರ ದಾರಿ ಇರಲಿಲ್ಲ. "ಇಲ್ಲ ಸರ್. ನಮಗೆ ಹೊಳೆದೇ ಇಲ್ಲ" ಎಂದರು ಸಾಹೇಬರು. ಅಧ್ಯಕ್ಷರು, "ಈಗ ಹೊಳೀತಲ್ಲ, ಬರೀರಿ" ಎಂದರು. ಅಲ್ಲೇ, ಊಟಕ್ಕೆ ಎದ್ದವರು ಎಲೆಯ ಮುಂದೆ ಕೂರುವ ಮೊದಲೇ, ನಾವಿಬ್ಬರೂ ಗೋಡೆಗೊರಗಿ ನಿಂತು ಆ ಖಂಡದ ಮೊದಲ ಸಾಲು ಬರೆದೆವು.

ಕೆ.ಆರ್. ನಗರ ನನ್ನ ತವರು ತಾಲ್ಲೂಕು. ಅಲ್ಲಿ ಸಭೆಗಿಂತ ಹೆಚ್ಚು ಕಷ್ಟ ಕೊಟ್ಟದ್ದು ನನ್ನ ಚಿಕ್ಕಪ್ಪ ಬೋರೇಗೌಡರು. ನಾಲೆಯ ಬದಿಯ ಸರ್ಕಾರಿ ಖರಾಬು ನೆಲಕ್ಕೆ ಬೇಲಿ ಹಾಕಿ ತೆಂಗು ನೆಟ್ಟಿದ್ದರು. ಸಭೆ ಮುಗಿಸಿ ಅವರ ಮನೆಗೆ ಊಟಕ್ಕೆ ಹೋದೆ. ಮುದ್ದೆ ಮುರಿಯುವ ಹೊತ್ತಿಗೆ ಮಾತು ತೆಗೆದರು.

"ಲಕ್ಷ್ಮೀ, ನೀನೇ ಬರಿಯಾದಂತಲ್ಲ ಕಣವ್ವ ಅದ."

"ಕನ್ನಡ ಬರಿಯೋದು ನಾನು ಚಿಕ್ಕಪ್ಪ. ತೀರ್ಮಾನ ಮಾಡೋರು ಸದನದೋರು."

"ಅವ್ರು ಮಾಡ್ಕಳ್ಳಿ ಬುಡು. ನೀನು 'ಬೇಸಾಯ ಮಾಡ್ತಿರೋರ್ನ ಬುಟ್ಟು' ಅಂತ ಮೂರ್ ಮಾತು ಸೇರ್ಸು ಸಾಕು. ಯಾರ್ ನೋಡ್ತರೆ."

"ಎಲ್ಲಾರೂ ನೋಡ್ತಾರೆ ಚಿಕ್ಕಪ್ಪ."

"ನಿಮ್ಮಪ್ಪ ಇದ್ದಿದ್ರೆ ಇಂಗ್ ಮಾತಾಡ್ತಿದ್ಯಾ?"

"ಅಪ್ಪ ಆ ಬೇಲಿ ಹಾಕ್ತಿದ್ರಾ?"

ಅವರು ಕೈ ತೊಳೆದು ಎದ್ದುಹೋದರು. ಚಿಕ್ಕಮ್ಮ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟು, "ನೀನ್ ಉಣ್ಣು. ಅವ್ರು ಅಂಗೇಯ" ಎಂದರು. ಎರಡು ವರ್ಷ ಚಿಕ್ಕಪ್ಪ ನನ್ನೊಡನೆ ಮಾತಾಡಲಿಲ್ಲ. ಕಾಯ್ದೆ ಬಂದು ಬೇಲಿ ತೆಗೆಸಿದ ಮೇಲೆ, ನಾಲೆ ದಾರಿಯಲ್ಲಿ ಟ್ರ್ಯಾಕ್ಟರ್ ಸಲೀಸಾಗಿ ಹೋಗುವಂತಾಗಿ, ತಮ್ಮ ಕಬ್ಬಿಗೂ ಅದರಿಂದ ಅನುಕೂಲವಾದಾಗ ಒಂದು ಮದುವೆಯಲ್ಲಿ ಪಕ್ಕಕ್ಕೆ ಬಂದು ಕೂತು, "ತೆಂಗು ಓಯ್ತು. ಇರ್ಲಿ. ಪಾಯಸ ಆಕುಸ್ಕಂಡ್ಯಾ?" ಎಂದರು. ಈ ಕೆಲಸಕ್ಕೆ ಬರುವವರಿಗೆ ಹೇಳಬೇಕಾದ ಮಾತು ಇದು: ನಿಮ್ಮ ನೆಂಟರೂ ಕಾಯ್ದೆಯೊಳಗೆ ಇರುತ್ತಾರೆ. ಅವರನ್ನು ಹೊರಗಿಟ್ಟು ಬರೆಯಲಾಗುವುದಿಲ್ಲ.

ಕೊನೆಯ ಸಭೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನ ಒಂದು ಕಲ್ಯಾಣಮಂಟಪದಲ್ಲಿ. ಕೋಟೆ, ಸರಗೂರು ಎರಡೂ ಕಡೆಯಿಂದ ಜನ ಬಂದಿದ್ದರು. ಬೆಳಗ್ಗೆಯಿಂದಲೇ ಒಂದೇ ಊರಿನ ಎರಡು ಗುಂಪು ಎರಡು ಬದಿಯಲ್ಲಿ ಕೂತು ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುತ್ತಿದ್ದವು. ಊರಿನ ಹೆಸರು ಮಂಟಿಪುರ ಎಂದಿಟ್ಟುಕೊಳ್ಳಿ. ಆ ಊರಿನ ಗೋಮಾಳದ ಮೇಲ್ಬದಿಯಲ್ಲಿ ಇಪ್ಪತ್ತು ಮೂವತ್ತು ಮನೆಗಳೆದ್ದಿದ್ದವು. ಉಳಿದ ಜಾಗದಲ್ಲಿ ಊರಿನ ಆಡು ಕುರಿ ಮೇಯುತ್ತಿದ್ದವು.

ಆ ಮನೆಗಳ ಪರವಾಗಿ ಮಾತಾಡಿದವರು ದೇವೀರಮ್ಮ. ಐವತ್ತರ ಆಚೀಚಿನ ಗಟ್ಟಿ ಹೆಂಗಸು. ಮೈಕ್ ಬೇಡವೆಂದು ಪಕ್ಕಕ್ಕಿಟ್ಟರು.

"ನಾವೇನು ಆಸೆ ಬಿದ್ದು ಬಂದು ಕುಂತಿಲ್ಲ ಸ್ವಾಮಿ. ನಮ್ಮತ್ತೆ ಮಾವ ಒಗೆಸೊಪ್ಪು ಬೇಯ್ಸಾ ಬ್ಯಾರನ್‌ ಗೂಡಿನ ಕೆಲ್ಸಕ್ಕೆ ಬಂದೋರು. ಕೆಲ್ಸ ಮುಗೀತು, ಓಗಾಕೆ ಊರಿರ್ಲಿಲ್ಲ, ಇಲ್ಲೇ ಉಳ್ಕಂಡ್ರು. ನಾನು ಆ ಮನೇಗೆ ಸೊಸೆಯಾಗಿ ಬಂದು ಅಜ್ಜಿ ಆದೆ. ಓದ್ ವರ್ಷ ಖಾಲಿ ಮಾಡಿ ಅಂತ ನೋಟೀಸ್ ಬಂತು. ಈ ಕಾಯ್ದೆ ಬಂದ್ರೆ ತಿಂಗ್ಳೊಳಗೆ ಜೆಸಿಬಿ ಬತ್ತದಂತೆ. ಎಲ್ಲಿಗೋಗನ, ಅದೊಂದ್ ಏಳ್ಬುಡಿ."

ಆಚೆ ಬದಿಯಿಂದ ಆಡು ಕುರಿ ಸಾಕುವ ಮಾದಪ್ಪ ಎದ್ದರು. ಸಣಕಲು ಮೈ, ಹೆಗಲ ಮೇಲೆ ಕಂಬಳಿ.

"ಎಲ್ಲಿಗೋಗನ ಅಂತ ನನ್ ಆಡುಗಳೂ ಕೇಳ್ತವೆ ಕಣವ್ವ. ವರ್ಷಕ್ಕೆರಡು ಗುಡ್ಲು ಏಳ್ತವೆ. ಕೆರೆಗೋಗೋ ಓಣಿ ಮುಚ್ಚೋಯ್ತು. ನೀರಿಗೆ ಅಂತ ಮೈಲಿ ಸುತ್ತುಸ್ಕಂಡು ಓಗ್ತೀನಿ. ಬಡೂರು ನೀವೊಬ್ರೇ ಅಲ್ಲ."

"ನಿಂಗೆ ಜಮೀನೈತೆ."

"ಮುಕ್ಕಾಲ್ ಎಕ್ರೆ ಕಲ್ಲೈತೆ. ಮೇಯ್ಸ್ಕಂಡ್ ಬಾ ಓಗು."

ಮಾತು ಏರಿತು. ಎರಡೂ ಕಡೆಯವರು ಎದ್ದು ನಿಂತರು. ಅಧ್ಯಕ್ಷರು ಮೇಜು ತಟ್ಟಿದರೂ ಕೇಳಿಸಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ನಯವಾಗಿ ಎದ್ದು ಮೈಕ್ ತೆಗೆದುಕೊಂಡರು. ಯಾವುದೋ ಸೋಲಾರ್ ಕಂಪನಿಗೆ ಜಾಗ ಹುಡುಕಿಕೊಡುವವರು. "ಸರ್, ಈ ಜಗಳಕ್ಕೆಲ್ಲ ಪರಿಹಾರ ಮಸೂದೆಯಲ್ಲೇ ಇದೆ. ಅದು ಖಾಲಿ ಬಿದ್ದಿರೋ ಜಾಗ ಸರ್. ಅನುಪಯುಕ್ತ. ಗುತ್ತಿಗೆಗೆ ಕೊಟ್ರೆ ಸರ್ಕಾರಕ್ಕೂ ಆದಾಯ, ಊರಿಗೂ ಕರೆಂಟು" ಎಂದರು.

ದೇವೀರಮ್ಮ ಅವರ ಕಡೆ ತಿರುಗಿದರು. "ಯಾರಂದೋರು ಖಾಲಿ ಅಂತ?"

ಅದೇ ಉಸಿರಿನಲ್ಲಿ ಮಾದಪ್ಪನೂ ಕೂಗಿದರು. "ಖಾಲಿ ಎಲ್ಲೈತೆ, ಬಂದ್ ತೋರ್ಸು ನಡಿ."

ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಳಗ್ಗೆಯಿಂದ ಬಡಿದಾಡುತ್ತಿದ್ದ ಎರಡು ಗುಂಪು ಒಂದೇ ಪದದ ಮೇಲೆ ಒಟ್ಟಿಗೆ ಎರಗಿದ್ದವು. ಪಕ್ಕದಲ್ಲಿದ್ದ ಸಾಹೇಬರು ನನ್ನ ಕಡೆ ಬಾಗಿ, "ಆ ಪದ ಹೋಯ್ತು ಅಂತ ತಿಳ್ಕೊಳ್ಳಿ" ಎಂದು ಪಿಸುಗುಟ್ಟಿದರು. ಅಧ್ಯಕ್ಷರು ಎದ್ದು ನಿಂತು, "ನಡೀರಪ್ಪ, ಜಾಗನೇ ನೋಡಿಬಿಡೋಣ" ಎಂದರು.

ಮಧ್ಯಾಹ್ನದ ಬಿಸಿಲಿನಲ್ಲಿ ಸಮಿತಿಯ ಸದಸ್ಯರು, ತಹಶೀಲ್ದಾರರು, ಊರಿನವರು, ಬಿಳಿ ಅಂಗಿಯವರು, ಎಲ್ಲರೂ ಮಂಟಿಪುರದ ಗೋಮಾಳದಲ್ಲಿ ನಡೆದೆವು. ಮಾದಪ್ಪ ಮುಚ್ಚಿಹೋದ ಓಣಿಯನ್ನು ತೋರಿಸಿದರು. ದೇವೀರಮ್ಮನ ಮನೆಯ ಬಚ್ಚಲು ಅದರ ಮಧ್ಯಕ್ಕೇ ಬಂದಿತ್ತು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ದೇವೀರಮ್ಮ ನನ್ನನ್ನು ತಮ್ಮ ಮನೆಯೊಳಗೆ ಕರೆದರು. ಹಂಚು ಒಡೆದ ಕಡೆಯೆಲ್ಲ ಪ್ಲಾಸ್ಟಿಕ್ ಹೊದಿಸಿ ಕಲ್ಲಿಟ್ಟಿದ್ದರು.

"ರಿಪೇರಿ ಮಾಡ್ಸಿಲ್ವಾ ಅಮ್ಮ?"

"ಮಗ ದುಡಿತಾನೆ, ಶೀಟು ತರ್ತೀನಿ ಅಂತಾನೆ. ನಾನೇ ಬ್ಯಾಡ ಅಂದಿವ್ನಿ. ಆಕ್ಸಿದ್ ಮಾರನೆಗೇ ಕಿತ್ತಾಕುದ್ರೆ?"

ಅವರು ಹೇಳಿದ್ದೂ ಸುಳ್ಳಾಗಿರಲಿಲ್ಲ. ಇಬ್ಬರದೂ ನಿಜವಾಗಿದ್ದರೆ ಕಾಯ್ದೆ ಏನು ಹೇಳಬೇಕು? ಅದನ್ನು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವೇ? ಆ ಪ್ರಶ್ನೆ ತಲೆಗೆ ಹತ್ತಿದ ಮೇಲೆ ನನಗೆ ಬಿಸಿಲು, ಬಾಯಾರಿಕೆ ಒಂದೂ ಗೊತ್ತಾಗಲಿಲ್ಲ.

ಮಾರನೆಯ ಬೆಳಗ್ಗೆ ಪ್ರವಾಸಿ ಮಂದಿರದ ಜಗುಲಿಯಲ್ಲಿ ನಾನೂ ಸಾಹೇಬರೂ ಆ ವಾಕ್ಯಕ್ಕಾಗಿ ಕಿತ್ತಾಡಿದೆವು. 'ಅನುಪಯುಕ್ತ' ತೆಗೆದುಹಾಕುವುದಕ್ಕೆ ಇಬ್ಬರದೂ ಒಪ್ಪಿಗೆ. ಆದರೆ ಅದರ ಜಾಗಕ್ಕೆ ಏನು? ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಊರೊಟ್ಟಿನ ಜಾಗದ ಬಳಕೆ ಬದಲಾಗಕೂಡದು ಎಂದು ನಾನು ಬರೆದೆ.

"ಆಗಲ್ಲ ಲಕ್ಷ್ಮಮ್ಮನವರೇ. ನಾಳೆ ಅಲ್ಲೊಂದು ಆಸ್ಪತ್ರೆ ಬೇಕು ಅಂದ್ರೆ? ಊರಿನ ನಾಲ್ಕು ದೊಡ್ಡೋರು ಸೇರಿ ಬೇಡ ಅಂದ್ರೆ? ಪಾಪದೋರಿಗೆ ನಿವೇಶನ ಕೊಡೋದನ್ನೇ ತಡೆದ್ರೆ?"

ಆ ಮಾತು ನನ್ನನ್ನು ನಿಲ್ಲಿಸಿತು. ನಾನು ಮಾದಪ್ಪನನ್ನು ನೋಡಿ ಬರೆಯುತ್ತಿದ್ದೆ, ಸಾಹೇಬರು ದೇವೀರಮ್ಮನನ್ನು ನೋಡಿ ಕೇಳುತ್ತಿದ್ದರು. ಮತ್ತೆ ಕೂತೆವು. ಕಾಫಿ ತಣ್ಣಗಾಯಿತು, ಇನ್ನೊಂದು ಬಂತು, ಅದೂ ತಣ್ಣಗಾಯಿತು. ಕೊನೆಗೆ ಹೀಗೆ ನಿಂತಿತು: ಬಳಕೆ ಬದಲಿಸಲು ಗ್ರಾಮಸಭೆಯ ಒಪ್ಪಿಗೆ ಬೇಕು. ಸಭೆ ಎರಡು ಸಲ ಒಪ್ಪದಿದ್ದರೆ ಕಾರಣ ಬರೆದು ಜಿಲ್ಲಾ ಮಟ್ಟದ ವಿಚಾರಣೆಗೆ ಹೋಗಬೇಕು. ವಾಸದ ಮನೆಯನ್ನು, ಬದಲಿ ನಿವೇಶನ 'ಕೊಟ್ಟ ನಂತರವಲ್ಲದೆ' ಮುಟ್ಟಕೂಡದು. ಕೆರೆಗೆ, ಬಾವಿಗೆ, ಸ್ಮಶಾನಕ್ಕೆ ಹೋಗುವ ದಾರಿಯನ್ನು ಯಾರಿಗೂ ಕೊಡಕೂಡದು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಜಗುಲಿಯಿಂದ ಇಳಿದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು, "ಮನೆ ನಿಂತಿತು" ಎಂದರು. ನನಗೆ ನಗು, ಅಳು ಎರಡೂ ಬಂತು.

ಸಮಿತಿಯ ವರದಿ ಸದನಕ್ಕೆ ಹೋದದ್ದು ಅಧಿವೇಶನದ ಕೊನೆಯ ದಿನಗಳಲ್ಲಿ. ಆ ಅಧಿವೇಶನದಲ್ಲಿ ಆಗದಿದ್ದರೆ ಮಸೂದೆಯೇ ಬಿದ್ದುಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಚುನಾವಣೆ ಹತ್ತಿರವಿತ್ತು. ಕೊನೆಯ ದಿನ ಮಧ್ಯಾಹ್ನ ಅದರ ಸರದಿ ಬಂತು. ಅಧಿಕಾರಿಗಳ ಗ್ಯಾಲರಿಯಲ್ಲಿ ನಾನೂ ಸಾಹೇಬರೂ ಪಕ್ಕಪಕ್ಕ. ಖಂಡಗಳು ಒಂದೊಂದಾಗಿ ಧ್ವನಿಮತದಿಂದ ಪಾಸಾಗುತ್ತ ಬಂದವು. ಗೌರಮ್ಮನ ಛತ್ರದ ಖಂಡ ಪಾಸಾಯಿತು. ಗ್ರಾಮಸಭೆಯ ಖಂಡವೂ ಗದ್ದಲದಲ್ಲೇ ಪಾಸಾಯಿತು. ಮನೆಗಳ ಖಂಡ ಬರುತ್ತಿದ್ದಂತೆ ಒಬ್ಬ ಸದಸ್ಯರು ಎದ್ದು ಪುಟ್ಟ ತಿದ್ದುಪಡಿ ಮಂಡಿಸಿದರು. 'ನಿವೇಶನ ಕೊಟ್ಟ ನಂತರವಲ್ಲದೆ' ಎಂಬುದರ ಬದಲು 'ನಿವೇಶನ ಕೊಡಲು ಕ್ರಮ ಕೈಗೊಂಡ ನಂತರವಲ್ಲದೆ' ಎಂದಾಗಲಿ, ಇಲ್ಲದಿದ್ದರೆ ಕೆಲಸಗಳು ವರ್ಷಗಟ್ಟಲೆ ನಿಲ್ಲುತ್ತವೆ ಎಂದರು. ಕೇಳಲು ತೀರ ಸಾಧುವಾದ ಮಾತು. ಸಚಿವರು ತಲೆಯಾಡಿಸಿದರು, ಒಪ್ಪುವವರಂತೆ ಕಂಡರು.

ಸಾಹೇಬರು ಚೀಟಿಯೊಂದರ ಮೇಲೆ ಗೀಚಿದರು. ನಾನು ಅದರ ಕೆಳಗೆ ಆಡುಮಾತಿನಲ್ಲಿ ಒಂದು ಸಾಲು ಸೇರಿಸಿದೆ: 'ಹೀಗಾದರೆ ಅರ್ಜಿ ತಗೊಂಡರೂ ಸಾಕು, ಮನೆ ಕೆಡವಬಹುದು.' ಮಾರ್ಷಲ್ ಅದನ್ನು ಸಚಿವರಿಗೆ ತಲುಪಿಸಿದರು. ಸಚಿವರು ಚೀಟಿ ಓದಿದರು, ಮತ್ತೆ ಓದಿದರು, ಮಡಿಸಿ ಕಡತದೊಳಗೆ ಇಟ್ಟುಕೊಂಡರು. ಆಗ ನಮ್ಮ ಸಮಿತಿಯ ಅಧ್ಯಕ್ಷರು ಎದ್ದರು.

"ಮಾನ್ಯ ಸಭಾಧ್ಯಕ್ಷರೇ, ಕ್ರಮ ಕೈಗೊಂಡಿದ್ದೀವಿ ಅಂದ್ರೆ ಏನು? ಹಾಲು ಕಾಯಿಸೋದಕ್ಕೆ ಕ್ರಮ ಕೈಗೊಂಡಿದ್ದೀವಿ ಅಂದ್ರೆ ಮಗುವಿನ ಹೊಟ್ಟೆ ತುಂಬುತ್ತಾ? ಎಚ್.ಡಿ. ಕೋಟೆ ಕಡೆ ಒಬ್ಬ ತಾಯಿ ಸೂರು ರಿಪೇರಿ ಮಾಡಿಸೋದಕ್ಕೂ ಹೆದರ್ತಾ ಕೂತಿದ್ದಾಳೆ. ಆಕೆಗೆ ಕ್ರಮ ಬೇಡ, ಜಾಗ ಬೇಕು."

ತಿದ್ದುಪಡಿ ಮಂಡಿಸಿದವರು ಹಿಂದೆ ಸರಿಯಲಿಲ್ಲ, ಮತ ವಿಭಜನೆ ಕೇಳಿದರು. ಗಂಟೆ ಬಾರಿಸಿದರು. ಕ್ಯಾಂಟೀನಿನಲ್ಲಿದ್ದವರು, ಮೊಗಸಾಲೆಯಲ್ಲಿದ್ದವರು ಓಡೋಡಿ ಬಂದರು. ಬಾಗಿಲು ಮುಚ್ಚಿದರು. ಸಾಲು ಸಾಲಾಗಿ ಎದ್ದು ನಿಂತವರನ್ನು ಸಿಬ್ಬಂದಿ ಎಣಿಸುತ್ತಿದ್ದರೆ ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು. ನಾನು ತಲೆಗಳನ್ನು ಎಣಿಸಲು ಹೋಗಿ ನಡುವೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ. ತಿದ್ದುಪಡಿ ಬಿದ್ದುಹೋಯಿತು, ಅದೂ ಕೂದಲೆಳೆಯಲ್ಲಿ. ಮಸೂದೆ ಅಂಗೀಕಾರವಾಯಿತೆಂದು ಸಭಾಧ್ಯಕ್ಷರು ಹೇಳಿದಾಗ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲವಾದ್ದರಿಂದ ಸಾಹೇಬರು ನನ್ನ ಕೈ ಹಿಡಿದು ಜೋರಾಗಿ ಅಲುಗಾಡಿಸಿದರು. ಆ ಮನುಷ್ಯ ಅದಕ್ಕೆ ಮೊದಲು ಯಾರ ಕೈಯನ್ನೂ ಕುಲುಕಿದ್ದನ್ನು ನಾನು ನೋಡಿರಲಿಲ್ಲ.

ಹೊರಗೆ ಬಂದು ಮೊಬೈಲ್ ಆನ್ ಮಾಡುತ್ತಿದ್ದಂತೆ ಕರೆ ಬಂತು. ದೇವೀರಮ್ಮ. ಗೋಮಾಳಕ್ಕೆ ಹೋದ ದಿನ ನನ್ನ ನಂಬರ್ ಕೇಳಿ ಪಡೆದಿದ್ದರು.

"ಏನಾಯ್ತವ್ವ?"

"ಪಾಸಾಯ್ತಮ್ಮ."

"ಅಂಗಾರೆ ಶೀಟು ಆಕುಸ್ಬೋದಾ?"

ವಿಧಾನ ಪರಿಷತ್ತು ಉಳಿದಿತ್ತು, ರಾಜ್ಯಪಾಲರ ಅಂಕಿತ ಉಳಿದಿತ್ತು, ನಿಯಮಗಳು ಉಳಿದಿದ್ದವು. ಅದನ್ನೆಲ್ಲ ವಿವರಿಸಿದೆ. ದೇವೀರಮ್ಮ, "ಸರಿ ಬುಡು. ಇಷ್ಟ್ ದಿನ ಕಾದಿವ್ನಿ" ಎಂದರು. ಹಿಂದಿನಿಂದ ಯಾರೋ ಗಂಡಸು, "ನಮ್ ಓಣಿದು ಏನಾಯ್ತು, ಅದ ಕೇಳು" ಎನ್ನುವುದು ಕೇಳಿಸಿತು. ಮಾದಪ್ಪನ ದನಿ.

ಪರಿಷತ್ತು ಅದೇ ಸಂಜೆ ಒಪ್ಪಿತು. ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನ ನಾನೊಂದು ಪ್ರತಿ ಮನೆಗೆ ತಂದೆ. ನಿಯಮಗಳು ಸಿದ್ಧವಾಗುವ ಹೊತ್ತಿಗೆ ನನ್ನ ಸೇವೆ ಮುಗಿದಿತ್ತು. ಬೀಳ್ಕೊಡುಗೆ ಸಮಾರಂಭದ ಭಾಷಣ, ಹಾರ, ಶಾಲು ಇವನ್ನು ಬರೆಯುವುದಿಲ್ಲ, ಎಲ್ಲರಿಗೂ ಒಂದೇ ಥರ.

ಆ ಕಾಯ್ದೆಯಡಿ ಮಂಟಿಪುರದ ಗ್ರಾಮಸಭೆ ಸೇರಿತೆಂದು ಕೇಳಿದಾಗ ನಾನು ಮನೆಯಲ್ಲಿ ನಿವೃತ್ತಳಾಗಿ ಕೂತಿದ್ದೆ. ಮೊದಲ ಸಭೆ ಜಗಳದಲ್ಲಿ ಮುಗಿಯಿತಂತೆ. ಮನೆಗಳನ್ನು ಗೋಮಾಳದ ಕೆಳಬದಿಗೆ ಸರಿಸಿ, ಅಲ್ಲಿ ಹಕ್ಕುಪತ್ರ ಕೊಟ್ಟು, ಮೇಲ್ಬದಿಯನ್ನೂ ಓಣಿಯನ್ನೂ ಮೇವಿಗೆ ಬಿಡುವ ಪ್ರಸ್ತಾಪವಿತ್ತು. ಓಣಿ ಎಷ್ಟು ಅಗಲ ಇರಬೇಕೆಂಬುದರ ಮೇಲೆ ಮಾತುಕತೆ ಮುರಿದುಬಿತ್ತು. ಎರಡನೆಯ ಸಭೆಯ ದಿನ ನನಗೆ ತಡೆಯಲಾಗಲಿಲ್ಲ. ಬೆಳಗ್ಗೆ ಮೈಸೂರಿನಿಂದ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಆಟೋ ಹಿಡಿದು ಮಂಟಿಪುರದ ಶಾಲೆಯ ಅಂಗಳಕ್ಕೆ ಹೋದೆ. ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಚಾಪೆಯ ಮೇಲೆ ಕೂತೆ.

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಪ್ರಸ್ತಾಪ ಓದಿದರು. ಮೊದಲು ಊರಿನ ಮಾತಿನಲ್ಲಿ, ಆಮೇಲೆ ಕಾಯ್ದೆಯ ಮಾತಿನಲ್ಲಿ. ಮಾದಪ್ಪ ಎದ್ದು, ಓಣಿ ಎರಡು ಗಾಡಿ ಅಗಲವಾದರೂ ಬೇಕೆಂದರು. ದೇವೀರಮ್ಮ ಎದ್ದು, "ಕೊಡನ. ನನ್ ಬಚ್ಲು ಮೊದ್ಲು ನಾನೇ ತೆಗಿತೀನಿ. ಆದ್ರೆ ಅಕ್ಕುಪತ್ರ ಕೈಗೆ ಬಂದ್ ದಿನ ತೆಗಿತೀನಿ, ಅದಕ್ಕೆ ಒಂದ್ ದಿನ ಮುಂಚೆ ಅಲ್ಲ" ಎಂದರು. ಮಾದಪ್ಪ ತಲೆ ಕೆರೆದುಕೊಂಡು ತಮ್ಮ ಕಡೆಯವರನ್ನು ನೋಡಿದರು. ಗುಸುಗುಸು ನಡೆಯಿತು. ಯಾರೋ ಬೈದರು, ಯಾರೋ ನಕ್ಕರು. ಕೊನೆಗೆ ಮಾದಪ್ಪ, "ಆಗ್ಲಿ, ಅಂಗೇ ಆಗ್ಲಿ" ಎಂದು ಕೂತರು.

"ಒಪ್ಪೋರು ಕೈ ಎತ್ತಿ" ಎಂದರು ಪಂಚಾಯ್ತಿ ಅಧ್ಯಕ್ಷೆ.

ಮುಂದೆ ನಾಲ್ಕಾರು ಕೈ ಎದ್ದವು. ಆಮೇಲೆ ಬಲಗಡೆಯ ಸಾಲು, ಆಮೇಲೆ ಎಡಗಡೆಯ ಸಾಲು, ಕಂಬಳಿ ಹೊದ್ದ ತೋಳುಗಳು, ಬಳೆ ತೊಟ್ಟ ತೋಳುಗಳು. ನೋಡುತ್ತ ನೋಡುತ್ತ ಅಂಗಳದ ತುಂಬ ಕೈಗಳೇ ಆದವು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಸೆರಗು ಜಗ್ಗಿದರು.

"ನಿಂಗೆ ಇಲ್ಲಿ ಓಟಿಲ್ಲ ಕಣವ್ವ. ಕೈ ಇಳ್ಸು, ಲೆಕ್ಕ ತಪ್ತದೆ."

ಆಗಲೇ ನನಗೆ ಗೊತ್ತಾದದ್ದು, ನನ್ನ ಕೈಯೂ ಮೇಲೆದ್ದಿತ್ತು.